ಹತ್ತಿ ವ್ಯಾಪಾರಿಯ ಮಗಳು

ಇಂಗ್ಲಿಷಿನಲ್ಲಿ ನನಗೆ ಅಪ್ಪ ಇದ್ದ.

ಹತ್ತಿ ವ್ಯಾಪಾರಿ. ವಿದ್ಯಾನಗರದಲ್ಲಿ ಸ್ವಂತ ಮನೆ. ಮನೆಯ ಮುಂದೆ ಗುಲಾಬಿ ಗಿಡ. ಎಂಜಿನಿಯರಿಂಗ್ ಓದುವ ಅಣ್ಣ. ಸಂಜೆಗೆ ನಾನು ಶಾಸ್ತ್ರೀಯ ಸಂಗೀತ ಕೇಳುತ್ತಿದ್ದೆ.

ಕನ್ನಡದಲ್ಲಿ ಇದ್ಯಾವುದೂ ಇರಲಿಲ್ಲ. ಕನ್ನಡದಲ್ಲಿ ನನ್ನಪ್ಪ ಒಳಚರಂಡಿಗೆ ಇಳಿದವನು ಮೇಲೆ ಬಂದಿರಲಿಲ್ಲ. ನಾನಾಗ ಅವ್ವನ ಬಗಲಲ್ಲಿದ್ದೆ. ಇಳಿಸಿದ ಗುತ್ತಿಗೆದಾರ ಅವತ್ತೇ ಇನ್ನೊಬ್ಬನನ್ನು ಹುಡುಕಿದ. ಅವ್ವ ಕಸಬರಿಗೆ ಹಿಡಿದಳು. ಇನ್ನೂ ಹಿಡಿದೇ ಇದ್ದಾಳೆ.

ಅವ್ವನ ಹೆಸರು ಸಂಗವ್ವ. ನಾನು ಹುಲಿಗೆಮ್ಮ. ಹುಬ್ಬಳ್ಳಿಯ ಉಣಕಲ್ಲಿನ ಒಂದು ತರಬೇತಿ ಕೇಂದ್ರದಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿಯುತ್ತಿದ್ದೆ. ಬೆಳಿಗ್ಗೆ ಪ್ರಾಕ್ಟಿಕಲ್. ಮಧ್ಯಾಹ್ನದ ಮೇಲೆ ಇಂಗ್ಲಿಷ್. ಬರೀ ಇಂಗ್ಲಿಷ್ ಅಲ್ಲ. ನೌಕರಿಗೆ ಅರ್ಜಿ ಹಾಕುವುದು, ಸಂದರ್ಶನದಲ್ಲಿ ಕೂಡುವುದು, ಏಳುವುದು, ನಗುವುದು. ಎಷ್ಟು ನಗಬೇಕು ಎಂಬುದನ್ನೂ ಕಲಿಸುತ್ತಿದ್ದರು. ಹಲ್ಲು ಪೂರಾ ಕಾಣಬಾರದು.

ಕಲಿಸುವವರು ಮೈತ್ರೇಯಿ ಮೇಡಂ. ಧಾರವಾಡದವರು. ಕೆಲಗೇರಿ ಕೆರೆಯ ಕಡೆ ಮನೆ. ಎಂದೂ ಬೈದವರಲ್ಲ. ಅವರ ಬಾಯಿಂದ ಕನ್ನಡ ಇಸ್ತ್ರಿ ಮಾಡಿದ ಹಾಗೆ ಬರುತ್ತಿತ್ತು. ಮೊದಲ ದಿನ ಕೇಳಿದರು.

"ಯಾರು ತಮ್ಮ ಪರಿಚಯ ಇಂಗ್ಲಿಷಿನ್ಯಾಗ ಮಾಡಿಕೊಡ್ತೀರಿ? ಹೆದರಬ್ಯಾಡ್ರಿ."

ಎಲ್ಲರೂ ಹೆದರಿದೆವು. ಮುಂದಿನ ಬೆಂಚಿನಲ್ಲಿ ಒಬ್ಬಳು ಆಕಳಿಸಿದಳು. ಆಕಳಿಸುತ್ತಲೇ ಎದ್ದು ನಿಂತಳು. ಶಾಂಭವಿ. ಹತ್ತು ವಾಕ್ಯ ಹೇಳಿದಳು. ಎಲ್ಲೂ ನಿಲ್ಲಲಿಲ್ಲ. ಅಪ್ಪ ಹತ್ತಿ ವ್ಯಾಪಾರಿ, ಅವ್ವ ಗೃಹಿಣಿ, ಸ್ವಂತ ಮನೆ, ಗುಲಾಬಿ, ಸಂಗೀತ. ನನ್ನ ಬಲ ಆತ್ಮವಿಶ್ವಾಸ. ನನ್ನ ದೌರ್ಬಲ್ಯ, ಮಂದಿಯನ್ನು ಲಗೂ ನಂಬಿಬಿಡುತ್ತೇನೆ.

ಮೇಡಂ ಅದನ್ನಷ್ಟೂ ಬೋರ್ಡಿನ ಮೇಲೆ ಬರೆದರು.

"ಇದು ಮಾದರಿ. ಎಲ್ಲಾರೂ ಬರಕೋರಿ. ನಿಮ್ಮ ನಿಮ್ಮ ಹೆಸರು ಹಾಕ್ಕೋರಿ. ನಾಳೆ ಬಾಯಿಪಾಠ ಬರಬೇಕು."

ಹಾಕಿಕೊಂಡೆವು. ಹೆಸರು ಮಾತ್ರ. ಹೇಳಿದ್ದೇ ಅಷ್ಟು. ಬೋರ್ಡಿನ ಮೇಲಿದ್ದುದನ್ನು ಬದಲಿ ಮಾಡಬಹುದು ಅಂತ ಯಾವ ಸಾಲಿಯಲ್ಲೂ ನಮಗೆ ಯಾರೂ ಹೇಳಿರಲಿಲ್ಲ. ಬೋರ್ಡು ನೋಡಿ ಬರೆದು, ಬರೆದದ್ದನ್ನು ಉರು ಹೊಡೆದು, ಪಾಸಾಗುತ್ತ ಬಂದವರು ನಾವು.

ಮರುದಿನ ಶಮೀಮ ಎದ್ದಳು. "ಮೈ ನೇಮ್ ಈಸ್ ಶಮೀಮ. ಮೈ ಫಾದರ್ ಈಸ್ ಎ ಕಾಟನ್ ಮರ್ಚಂಟ್." ಅವಳಪ್ಪನದು ಹಳೇ ಹುಬ್ಬಳ್ಳಿಯಲ್ಲಿ ಪಂಕ್ಚರ್ ಅಂಗಡಿ. ಆಮೇಲೆ ಹುಲಗೇಶ ಎದ್ದ. ಅವನಪ್ಪನೂ ಹತ್ತಿ ವ್ಯಾಪಾರಿ. ನಿಜದಲ್ಲಿ ಆ ಅಪ್ಪ ಎಪಿಎಂಸಿಯಲ್ಲಿ ಹತ್ತಿ ಅಂಡಿಗೆ ಹೊರುವ ಹಮಾಲ. ಎಲ್ಲರಿಗಿಂತ ಸತ್ಯದ ಸಮೀಪ ಇದ್ದವನು ಹುಲಗೇಶನೇ.

ಮೇಡಂ ಕರವಸ್ತ್ರ ಬಾಯಿಗೆ ಹಿಡಿದು ನಕ್ಕರು.

"ಇರಲಿ. ಮೊದಲು ನಾಲಿಗಿ ತಿರುಗಲಿ. ಆಮ್ಯಾಲೆ ಬದಲಿ ಮಾಡೋಣಂತ."

ಆಮೇಲೆ ಯಾರೂ ಬದಲಿ ಮಾಡಲಿಲ್ಲ. ಇಡೀ ಕ್ಲಾಸು ವಿದ್ಯಾನಗರದಲ್ಲಿ ವಾಸ ಮಾಡತೊಡಗಿತು.

ಬಸ್ಸಿನಲ್ಲಿ ಶಮೀಮ ಕೇಳುತ್ತಿದ್ದಳು.

"ಹುಲಿಗಿ, ಹೆಂಗದಾನ ನಿಮ್ಮಪ್ಪ?"

"ಛಲೋ ಅದಾನ. ಹತ್ತಿ ದರಾ ಇಳದೈತಿ ಅಂತ ಚಿಂತಿ ಮಾಡಾಕತ್ತಾನ."

"ಖರೇನ? ನಮ್ಮಪ್ಪಾನೂ ಅದನ್ನ ಅಂದ."

ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ಮಂದಿ ತಿರುಗಿ ನೋಡುವಷ್ಟು ನಗುತ್ತಿದ್ದೆವು. ಇಳಿದ ಮೇಲೆ ನನಗೆ ನಗು ಬರುತ್ತಿರಲಿಲ್ಲ.

ಯಾಕೆಂದರೆ ಆ ಗುಲಾಬಿ ಗಿಡ ನಾನು ನೋಡಿದ್ದೆ. ಸಾಲಿಗೆ ಸೂಟಿ ಇದ್ದಾಗ ಅವ್ವನ ಕೂಡ ಆ ಓಣಿಗೆ ಹೋಗುತ್ತಿದ್ದೆ. ಅವ್ವ ಗಟಾರ ಬಳಿಯುವಳು. ನಾನು ಬುಟ್ಟಿ ಹಿಡಿಯುತ್ತಿದ್ದೆ. ಶಾಂಭವಿಯ ಅವ್ವ ದಾಕ್ಷಾಯಿಣಿ ಗೇಟಿನ ಒಳಗೆ ನಿಂತು ನಮ್ಮ ಬೊಗಸೆಗೆ ಮೇಲಿನಿಂದ ನೀರು ಸುರಿಯುವಳು. ಚೊಂಬು ಬೊಗಸೆಗೆ ತಾಗದ ಹಾಗೆ ಸುರಿಯಲು ಅವಳ ಕೈ ಪಳಗಿತ್ತು. ಹಬ್ಬ ಬಂದರೆ ಹಳೇ ಬಟ್ಟೆ ಗೇಟಿನ ಮೇಲೆ ಹಾಕುವಳು. ಒಂದು ಹಳದಿ ಫ್ರಾಕು ನನ್ನ ಮೈಮೇಲೆ ಹರಿಯುವ ತನಕ ಇತ್ತು. ಫ್ರಾಕು ಶಾಂಭವಿಯದು. ಈಗ ಅಪ್ಪನೂ ಶಾಂಭವಿಯವನು.

ಶಾಂಭವಿ ಆಕಳಿಸಿದರೆ ನನ್ನ ಹೊಟ್ಟೆ ಉರಿಯುತ್ತಿತ್ತು. ಬಾಯಿಗೆ ಕೈ ಅಡ್ಡ ಹಿಡಿಯುತ್ತಿರಲಿಲ್ಲ. ನಾನು ಹಾಗೆ ಆಕಳಿಸಿದರೆ ಈ ಮಂದಿಯೇ ಹಿಂಗ ಅಂತ ಆಗುತ್ತಿತ್ತು. ಅವಳು ಆಕಳಿಸಿದರೆ ಅವಳಿಗೆ ನಿದ್ದೆ ಬಂದಿದೆ, ಅಷ್ಟೇ. ಡಬ್ಬಿಯಲ್ಲಿ ಅರ್ಧ ಬಿಟ್ಟು ಮುಚ್ಚುತ್ತಿದ್ದಳು. ಆ ಅರ್ಧವನ್ನು ನೋಡಿದರೂ ಉರಿಯುತ್ತಿತ್ತು. ತಿನ್ನಬೇಕು ಅಂತ ಅಲ್ಲ. ಬಿಡಬೇಕು ಅಂತ. ನನಗೂ ಒಂದು ದಿನ ಏನನ್ನಾದರೂ ಅರ್ಧ ಬಿಡಬೇಕು ಅಂತ.

ಅವಳಿಗೆ ಈ ನೌಕರಿ ಬೇಕಾಗಿರಲಿಲ್ಲ. ಪಿಯುಸಿ ಸೈನ್ಸಿನಲ್ಲಿ ಎರಡು ಸಲ ನಪಾಸಾದವಳು. ವರ ಗೊತ್ತಾಗುವ ತನಕ ಮನೆಯಲ್ಲಿ ಖಾಲಿ ಕೂಡುವುದು ಬೇಡ ಅಂತ ಅಪ್ಪ ತಂದು ಸೇರಿಸಿದ್ದ. ಬೇಕಾಗಿಲ್ಲದವಳಿಗೆ ಹೆದರಿಕೆ ಇಲ್ಲ. ಹೆದರಿಕೆ ಇಲ್ಲದವಳಿಗೆ ಇಂಗ್ಲಿಷ್ ಸಲೀಸು. ಅವಳು ಮಾತಾಡುವಾಗ ನಾನು ಅವಳ ತುಟಿ ನೋಡುತ್ತಿದ್ದೆ. ಕದ್ದು ನೋಡುತ್ತಿದ್ದೆ. ಗಂಡಸರು ಹೆಂಗಸರನ್ನು ಹಾಗೆ ನೋಡಿದರೆ ಹೊಡೆಯುತ್ತಾರೆ.

ಹೊಟ್ಟೆಕಿಚ್ಚು ಸಣ್ಣ ಬುದ್ಧಿ ಅನ್ನುತ್ತಾರೆ. ಅನ್ನುವವರಿಗೆ ಊಟ ಆಗಿರುತ್ತದೆ.

ಪ್ರಾಕ್ಟಿಕಲ್ಲಿನಲ್ಲಿ ವೈರಿನ ಪೈಪು ಕೂರಿಸಲು ಗೋಡೆ ಕಡಿಯಬೇಕು. ಶಾಂಭವಿಗೆ ಧೂಳಾದರೆ ಸೀನು. ಅವಳ ಪಾಲಿನ ಗೋಡೆಯೂ ನನಗೇ. "ನಿನ್ನ ಕೈ ಗಟ್ಟಿ ಅದಾವ ಬಿಡವಾ" ಅನ್ನುತ್ತಿದ್ದರು ಕಲಿಸುವ ಸರ್. ಯಾರ ಕೈಯೂ ಹುಟ್ಟುತ್ತ ಗಟ್ಟಿ ಇರುವುದಿಲ್ಲ. ಉಳಿ ಹಿಡಿದಲ್ಲಿ ಬೊಬ್ಬೆ ಏಳುತ್ತದೆ. ಒಡೆಯುತ್ತದೆ. ಒಡೆದಲ್ಲೇ ಮತ್ತೆ ಏಳುತ್ತದೆ. ಸುತ್ತಿಗೆ ಜಾರಿದರೆ ಹೆಬ್ಬೆರಳ ಉಗುರು ಕಪ್ಪಾಗುತ್ತದೆ. ಸಿಮೆಂಟಿನ ಪುಡಿ ಮೂಗಿನಲ್ಲಿ, ರೆಪ್ಪೆಯಲ್ಲಿ, ಗಂಟಲಲ್ಲಿ. ಒಂದೊಂದು ಏಟಿಗೆ ಒಂದೊಂದು ಮಾತು ಸೇರಿಸಿ ಉರು ಹೊಡೆಯುತ್ತಿದ್ದೆ. ಮೈ ಫಾದರ್. ಏಟು. ಈಸ್ ಎ. ಏಟು. ಕಾಟನ್ ಮರ್ಚಂಟ್. ಏಟು. ಶಾಂಭವಿಯ ಗೋಡೆಯಲ್ಲಿ ಶಾಂಭವಿಯ ಅಪ್ಪನನ್ನು ಕಡಿದು ಕೂರಿಸಿದೆ.

ಹೀಗೆ ಹೇಳಿ ಹೇಳಿ ಒಂದು ದಿನ ನಾಲಿಗೆ ತಿರುಗಿತು. ಬೋರ್ಡಿನ ಮುಂದೆ ನಿಂತು ಹತ್ತಕ್ಕೆ ಹತ್ತು ಹೇಳಿದೆ. ಎಲ್ಲೂ ನಿಲ್ಲಲಿಲ್ಲ. ಮೇಡಂ ಚಪ್ಪಾಳೆ ತಟ್ಟಿದರು. ಶಾಂಭವಿಯೂ ತಟ್ಟಿದಳು. ಅವತ್ತು ಮಾತ್ರ ಅವಳು ಆಕಳಿಸಲಿಲ್ಲ.

ಅವಳು ಮನೆಗೆ ಹೋಗಿ ಊಟಕ್ಕೆ ಕೂತಾಗ ಇದನ್ನು ಹೇಳಿದಳಂತೆ. ನಗಲಿಕ್ಕೆ ಹೇಳಿದ್ದು. ಅಪ್ಪ ನಗಲಿಲ್ಲ.

ಮರುದಿನ ಅವಳಪ್ಪ ಕುಬೇರಪ್ಪ ಕ್ಲಾಸಿಗೇ ಬಂದ. ಬಿಳಿ ಪ್ಯಾಂಟು, ಬಿಳಿ ಶರ್ಟು, ಹಣೆಗೆ ವಿಭೂತಿ. ಮೇಡಂ ಎದ್ದು ನಿಂತರು. ನಾವೂ ಎದ್ದೆವು.

"ಛಲೋ ಕಲಸಾಕತ್ತೀರಿ ಮೇಡಂ. ಸಂತೋಷ. ಒಂದ ಸಣ್ಣ ಮಾತಿತ್ತು."

"ಹೇಳ್ರಿ ಕುಬೇರಪ್ಪನವರ."

"ಹುಡುಗರೆಲ್ಲಾ ನಮ್ಮ ಮನಿದ ಹೇಳಾಕತ್ತಾರಂತ. ಹೇಳ್ಲಿ ಬಿಡ್ರಿ. ನಮ್ಮದೇನ ಸವದ ಹೋಗಂಗಿಲ್ಲ. ಆದ್ರ ಈ ಹುಡಿಗಿ ಬ್ಯಾಡ."

ಬೆರಳು ಮಾಡಲಿಲ್ಲ. ಗದ್ದ ಎತ್ತಿ ನನ್ನ ಕಡೆ ತೋರಿಸಿದ.

"ಯಾಕ್ರಿ?"

"ಇಕಿ ಅವ್ವ ನಮ್ಮ ಓಣ್ಯಾಗ ಗಟಾರ ಬಳಿತಾಳ್ರಿ. ದಿನಾ ನಮ್ಮ ಬಾಗಲಕ್ಕ ಬರಾಕಿ. ಗಂಡ ಇಲ್ಲ. ನಾಳಿ ಇಕಿ ಹೋದಲ್ಲೆ ಬಂದಲ್ಲೆ ನಮ್ಮಪ್ಪ ವಿದ್ಯಾನಗರದ ಹತ್ತಿ ವ್ಯಾಪಾರಿ ಅನ್ಕೋತ ತಿರಗಿದ್ರ ಮಂದಿ ಏನ ತಿಳ್ಕೋತಾರ್ರಿ? ಇಲ್ಲದ್ದ ಕಥಿ ಕಟ್ತಾರ. ನಮ್ಮ ಹುಡಿಗಿಗಿ ವರ ನೋಡಾಕತ್ತೇವಿ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಆಮೇಲೆ ಇನ್ನಷ್ಟು ಮಂದಿ ನಕ್ಕರು. ಶಾಂಭವಿ ತಲೆ ತಗ್ಗಿಸಿ ಉಗುರು ನೋಡಿಕೊಂಡಳು. ಅವನು ನನ್ನ ಅವ್ವನನ್ನು ಎಲ್ಲರ ಮುಂದೆ ಅರಿವೆ ಬಿಚ್ಚಿ ನಿಲ್ಲಿಸಿದ್ದ. ದನಿ ಮಾತ್ರ ಏರಿಸಿರಲಿಲ್ಲ.

"ನನ್ನ ಲಕ್ಷ್ಯಕ್ಕ ಬಂದಿರಲಿಲ್ಲರಿ," ಅಂದರು ಮೇಡಂ. "ಇಕಿಗೆ ಬ್ಯಾರೆ ಬರದು ಕೊಡ್ತೀನಿ."

ಎಲ್ಲರಿಗೂ ಬೇರೆ ಬರೆದು ಕೊಡಬಹುದಿತ್ತು. ಕೊಡಲಿಲ್ಲ. ಶಮೀಮಳ ಅಪ್ಪ ಹತ್ತಿ ವ್ಯಾಪಾರಿಯಾಗಿಯೇ ಉಳಿದ. ಹುಲಗೇಶನ ಅಪ್ಪನೂ ಉಳಿದ. ನನ್ನಪ್ಪ ಎರಡನೇ ಸಲ ಸತ್ತ.

ನನಗೆ ಮೂರು ವಾಕ್ಯ ಬಂದವು. ಮೈ ನೇಮ್ ಈಸ್ ಹುಲಿಗೆಮ್ಮ. ಮೈ ಮದರ್ ಈಸ್ ಎ ಸ್ವೀಪರ್. ಐ ಆಮ್ ಒಬಿಡಿಯಂಟ್.

"ಒಬಿಡಿಯಂಟ್ ಅಂದ್ರ ಏನ್ರಿ ಮೇಡಂ?"

"ಹೇಳಿದ್ದು ಕೇಳಾಕಿ ಅಂತ."

"ಶಾಂಭವಿದ್ರಾಗ ಅದು ಇಲ್ಲಲ್ರಿ."

"ಅಕಿದ್ರಾಗ ಆತ್ಮವಿಶ್ವಾಸ ಅದಲ್ಲ. ಅದು ಅಕಿಗೆ ಒಪ್ತದ. ಇದು ನಿನಗ ಒಪ್ತದ. ಖರೇ ಇದ್ದದ್ದು ಹೇಳಲಿಕ್ಕೆ ನಾಚಬಾರದು ಹುಲಿಗೆಮ್ಮ."

"ಹಂಗಾರ ಎಲ್ಲಾರೂ ಖರೇ ಹೇಳ್ಲಿರಿ."

ಮೇಡಂ ಪೆನ್ನು ಮುಚ್ಚಿದರು.

"ನನಗ ಹವ್ಯಾಸ ಬ್ಯಾಡೇನ್ರಿ?"

"ಏನ್ ಹವ್ಯಾಸ ಅದ ನಿನಗ?"

ವಿಚಾರ ಮಾಡಿದೆ. ಸಂಜೆ ನಲ್ಲಿ ಬಂದರೆ ನೀರು ಹಿಡಿಯುತ್ತೇನೆ. ರೊಟ್ಟಿ ಬಡಿಯುತ್ತೇನೆ. ಅವ್ವನ ಬೆನ್ನು ತಿಕ್ಕುತ್ತೇನೆ. ಇದು ಯಾವ ಭಾಷೆಯಲ್ಲೂ ಹವ್ಯಾಸ ಆಗುವುದಿಲ್ಲ.  ಶಾಂಭವಿಗೆ ದೌರ್ಬಲ್ಯವೂ ಚೆಂದದ್ದೇ ಇತ್ತು. ನನಗೆ ಅದನ್ನೂ ಕೊಡಲಿಲ್ಲ.

"ನಾನೂ ಹೇಳೂದ ಬಿಡ್ಲೇನ?" ಬಸ್ಸಿನಲ್ಲಿ ಶಮೀಮ ಕೇಳಿದಳು.

"ಬ್ಯಾಡ. ನಿಮ್ಮಪ್ಪಾರ ಬದಕ್ಲಿ."

ಬಾಯಿ ಹಾಗಂದಿತು. ಒಳಗೆ ಅವಳ ಮೇಲೂ ಕಿಚ್ಚು ಎದ್ದಿತ್ತು. ಪಂಕ್ಚರ್ ಅಂಗಡಿಯವನ ಮಗಳು ಹತ್ತಿ ವ್ಯಾಪಾರಿಯ ಮಗಳಾಗಬಹುದು. ಅದಕ್ಕೆ ಯಾರ ತಕರಾರೂ ಇಲ್ಲ. ನಾನು ಬಾಯಿಪಾಠದಲ್ಲೂ ಆ ಗೇಟಿನ ಒಳಗೆ ಹೋಗಬಾರದು.

ಅವ್ವನಿಗೆ ಸುಳಿವು ಓಣಿಯಲ್ಲೇ ಸಿಕ್ಕಿತ್ತು.

"ಆ ಸಾವಕಾರ ಇವತ್ತ ನನ್ನ ನೋಡಿ ಮಾರಿ ತಿರುವಿದ. ಏನ ಅಂದಿ ನೀ ಅವಗ?"

ಹೇಳಿದೆ. ಅವ್ವ ನಕ್ಕಳು. ಕೆಮ್ಮು ಬರುವ ತನಕ ನಕ್ಕಳು.

"ಅಯ್ಯ ನಮ್ಮವ್ವಾ. ಆ ಮುದುಕನ ಕಡೆ ಯಾರ ಹೋಗ್ತಾರ. ನಿಮ್ಮಪ್ಪ ಎಷ್ಟ ಚೆಂದ ಇದ್ದ ಗೊತ್ತೈತೇನ? ಈ ಬಾಗಲದಾಗ ನಿಂತ್ರ ಬಾಗಲ ತುಂಬತಿತ್ತು."

ಆಮೇಲೆ ಎದೆ ಒತ್ತಿಕೊಂಡಳು. ನಗು ಇಳಿದಿತ್ತು.

"ನೌಕರಿ ಆಗ್ತೈತಿಲ್ಲ?"

"ಕೈಲೆ ಮಾಡಿ ತೋರಸೂ ಪರೀಕ್ಷಾ ಇರ್ತೈತಬೇ. ಎಲ್ಲಾರಿಗೂ. ಅದರಾಗ ಆಗ್ತೈತಿ."

"ಆದ್ರ ನಾ ಕಸಬರಿಗಿ ಒಗೀತೇನಿ ನೋಡು. ದಮ್ಮ ಹಿಡಿಯಾಕತ್ತೈತಿ. ಗಟಾರದ ಗಾಳಿ ಒಳಗ ಕುಂತೈತಿ."

ಸಂದರ್ಶನಕ್ಕೆ ಕರೆದ ಕಂಪನಿ ತಾರಿಹಾಳದಲ್ಲಿತ್ತು. ಕರೆಂಟಿನ ಪ್ಯಾನೆಲ್ ಬೋರ್ಡು ಮಾಡುವ ಕಾರ್ಖಾನೆ. ಇಬ್ಬರನ್ನು ತೆಗೆದುಕೊಳ್ಳುತ್ತಾರೆ ಅಂತ ಸುದ್ದಿ. ಮೇಡಂ ನಮ್ಮನ್ನು ಸಾಲಾಗಿ ಕೂರಿಸಿ ಹೇಳಿದ್ದರು. "ಮಾತಾಡಸೂದು ಬರೇ ಪರಿಚಯಕ್ಕ. ಕೆಲಸಾ ನೋಡಿ ತಗೋತಾರ. ಎಲ್ಲಾರಿಗೂ ಟ್ರೇಡ್ ಟೆಸ್ಟ್ ಅದ." ಆ ಮಾತನ್ನು ನಾನು ಗಟ್ಟಿ ಹಿಡಿದಿದ್ದೆ.

ಕಾಯುವ ಬೆಂಚಿನಿಂದ ಗಾಜಿನ ಆಚೆ ಕಾರ್ಖಾನೆ ಕಾಣುತ್ತಿತ್ತು. ಒಂದು ಉದ್ದ ಟೇಬಲ್ಲು. ಅದರ ಮೇಲೆ ಹಲಗೆ, ವೈರು, ಎರಡು ಬಲ್ಬು, ಎರಡು ಸ್ವಿಚ್ಚು, ಒಂದು ಸಾಕೆಟ್ಟು. ಕೂಡಿಸಿ ತೋರಿಸಬೇಕು. ಸೂಪರ್‌ವೈಸರ್ ಕುಮಾರಸ್ವಾಮಿ ಪಕ್ಕದಲ್ಲಿ ನಿಂತಿದ್ದ. ಕೂಡಿಸಿದ ಮೇಲೆ ಅವನು ಗೋಡೆಯ ಮೇಲಿನ ಮೇನ್ ಸ್ವಿಚ್ಚು ಹಾಕುವನು. ಸರಿ ಇದ್ದರೆ ಬಲ್ಬು ಹತ್ತುತ್ತದೆ. ತಪ್ಪಿದ್ದರೆ ಮೇನಿನ ಹಿಡಿಕೆ ತಾನೇ ಕೆಳಗೆ ಬಿದ್ದು ಕರೆಂಟು ಹೋಗುತ್ತದೆ.

ಶಾಂಭವಿ ಮೊದಲು ಹೋದಳು. ಕೋಣೆಯಲ್ಲಿ ರೋಹಿತ ಅನ್ನುವ ಆಫೀಸರ್ ಇದ್ದ. ನಮಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು. ಹತ್ತು ವಾಕ್ಯ ಕೇಳಿಸಿದವು. ನಗು ಕೇಳಿಸಿತು. ಶಾಂಭವಿ ಗಾಜಿನ ಆಚೆ ಹೋದಳು. ವೈರು ಹಿಡಿದಳು. ಕೂಡಿಸಿದಳು. ಕುಮಾರಸ್ವಾಮಿ ಮೇನ್ ಹಾಕಿದ. ಫಟ್ ಅಂದಿತು. ಮೇನ್ ಬಿತ್ತು.

ಶಾಂಭವಿ ನಾಲಿಗೆ ಕಚ್ಚಿಕೊಂಡು ನಕ್ಕಳು. ಕುಮಾರಸ್ವಾಮಿಯೂ ನಕ್ಕ.

"ಆಗ್ತೈತವಾ. ಹೆದರಬ್ಯಾಡ. ಬಿಚ್ಚಿ ಮತ್ತೊಮ್ಮಿ ಮಾಡು."

ಅವಳು ಬಿಚ್ಚಿದಳು. ಮತ್ತೊಮ್ಮೆ ಮಾಡಿದಳು. ಅವನು ಒಂದು ವೈರು ತೋರಿಸಿಯೂ ಕೊಟ್ಟ. ಬಲ್ಬು ಹತ್ತಿದವು.

ನನ್ನ ಮೈಯಲ್ಲಿ ಎಲ್ಲೆಲ್ಲಿ ಕಿಚ್ಚಿತ್ತೋ ಅದೆಲ್ಲ ಒಂದು ಕಡೆ ಬಂತು. ಮನೆ ಅಲ್ಲ, ಗುಲಾಬಿ ಅಲ್ಲ, ಅಪ್ಪನೂ ಅಲ್ಲ. ಅವಳಿಗೆ ತಪ್ಪು ಮಾಡಲಿಕ್ಕೆ ಜಾಗ ಇತ್ತು. ಬೀಳಿಸಿ, ನಕ್ಕು, ಮತ್ತೆ ಕೂಡಿಸಲಿಕ್ಕೆ ಜಾಗ ಇತ್ತು. ನನಗೆ ಬೇಕಾದದ್ದು ಅದೇ ಅಂತ ಅಲ್ಲಿಯ ತನಕ ನನಗೇ ಗೊತ್ತಿರಲಿಲ್ಲ.

ಶಮೀಮ ಹೋದಳು. ಹುಲಗೇಶ ಹೋದ. ಒಬ್ಬರ ಹಿಂದೆ ಒಬ್ಬರು ಹತ್ತಿ ವ್ಯಾಪಾರಿಯ ಮಕ್ಕಳು ಹೋದರು. "ಏನ್ರಿ ಮೇಡಂ, ಹುಬ್ಬಳ್ಳಿ ಹತ್ತಿ ಮಾರ್ಕೆಟ್ಟ ಇವತ್ತ ಇಲ್ಲೇ ಬಂದದಲ್ಲ," ಅಂತ ರೋಹಿತ ಬಾಗಿಲಿಗೆ ಬಂದು ನಕ್ಕ. ಮೇಡಂ ನಕ್ಕರು. ಸುಳ್ಳು ಅಂತ ಅವನಿಗೆ ಗೊತ್ತಾಗಿತ್ತು. ಆದರೂ ಎಲ್ಲರನ್ನೂ ಟೇಬಲ್ಲಿಗೆ ಕಳಿಸಿದ.

ನನ್ನ ಪಾಳಿ ಬಂತು. ಒಳಗೆ ಹೋಗಿ ಮೂರು ವಾಕ್ಯ ಹೇಳಿದೆ. ಲಗೂ ಮುಗಿದವು. ಅವನು ಮುಂದಿನದು ಬರುತ್ತದೆ ಅಂತ ಕಾದ. ಬರಲಿಲ್ಲ. ಕನ್ನಡಕ್ಕೆ ಇಳಿದ.

"ಅವ್ವ ಎಲ್ಲೆ ಕೆಲಸಾ ಮಾಡ್ತಾಳ?"

"ವಿದ್ಯಾನಗರದಾಗ್ರಿ. ಗಟಾರ ಬಳಿತಾಳ್ರಿ."

"ಪರ್ಮನೆಂಟೇನು?"

"ಅಲ್ರಿ. ಗುತ್ತಿಗಿ."

"ಛಲೋ ಹೇಳಿದಿ. ಖರೇ ಹೇಳಿದಾಕಿ ಇವತ್ತ ನೀ ಒಬ್ಬಾಕಿನ." ಅವನು ಪೆನ್ನು ತಿರುಗಿಸಿದ. "ನೋಡು, ನಮ್ಮಲ್ಲೆ ಹೌಸ್‌ಕೀಪಿಂಗಿಗೆ ಹೆಣ್ಣಮಕ್ಕಳು ನಿಲ್ಲವಲ್ಲರು. ಒಂದು ಜಾಗಾ ಖಾಲಿ ಅದ. ನಾಳೆಯಿಂದನ ಬಾ. ನಿನಗ ಕಲಸೂದೂ ಬೇಕಾಗಿಲ್ಲ. ಮನ್ಯಾಗ ನೋಡೀದಿ."

"ನಾ ಎಲೆಕ್ಟ್ರಿಷಿಯನ್ ಕಲತೇನ್ರಿ."

"ಗೊತ್ತದ. ಆದ್ರ ಇದು ಖಾತ್ರಿ. ಅದು ಖಾತ್ರಿ ಇಲ್ಲ."

"ನನ್ನ ಟೆಸ್ಟ್ ತಗೋರಿ."

"ಹೌಸ್‌ಕೀಪಿಂಗಿಗೆ ಟೆಸ್ಟ್ ಇಲ್ಲವಾ," ಅಂತ ನಕ್ಕ. ಮುಂದಿನವರನ್ನು ಕರೆಯಲು ಬಾಗಿಲ ಕಡೆ ನೋಡಿದ.

ನಾನು ಏಳಲಿಲ್ಲ.

"ಏಳವಾ."

"ಎಲ್ಲಾರಿಗೂ ಟೆಸ್ಟ್ ಐತಿ ಅಂದಾರ್ರಿ. ನಾನೂ ಎಲ್ಲಾರಾಗ ಬರ್ತೇನ್ರಿ."

"ನಾ ನಿನಗ ಕೆಲಸಾ ಕೊಡ್ಲಿಕತ್ತೀನಿ. ಇಲ್ಲ ಅನ್ನಲಿಲ್ಲಲ್ಲ."

"ನೀವು ನನಗ ಕೊಡಾಕತ್ತಿಲ್ರಿ. ನಮ್ಮವ್ವನ ಕಸಬರಿಗಿ ನನ್ನ ಕೈಯಾಗ ಹಿಡಸಾ‌ಕತ್ತೀರಿ. ಅಕಿ ಒಗೀಬೇಕಂತ ಕುಂತಾಳ. ನಾ ಹಿಡ್ಯಂಗಿಲ್ಲ."

ದನಿ ಹೊರಗೆ ಕೇಳಿಸಿತ್ತು. ಮೈತ್ರೇಯಿ ಮೇಡಂ ಓಡಿ ಬಂದರು. ಅವರ ಹಿಂದೆ ಶಾಂಭವಿ.

"ಹುಲಿಗೆಮ್ಮ, ಏನಿದು? ನಿನ್ನ ಸಲುವಾಗಿ ಎಲ್ಲಾರ ನೌಕರಿ ಹೋಗ್ತಾವ. ಈ ಕಂಪನಿ ಮತ್ತ ನಮ್ಮನ್ನ ಕರೆಯಂಗಿಲ್ಲ. ಏಳು. ಹೊಟ್ಟಿಕಿಚ್ಚು ಛಲೋ ಅಲ್ಲ."

"ಹೌದ್ರಿ. ಹೊಟ್ಟಿಕಿಚ್ಚ ಐತ್ರಿ," ಅಂದೆ. "ನೀವು ಅಕಿಗಿ ಹತ್ತ ವಾಕ್ಯ ಕೊಟ್ರಿ, ನನಗ ಮೂರು. ಅವತ್ತಿನಿಂದ ಐತಿ. ಅದಕ್ಕೂ ಮೊದಲ ಇತ್ತು. ಇಲ್ಲಾಂದ್ರ ನಾ ಸುಳ್ಳ ಹೇಳಿದಂಗ."

ಶಾಂಭವಿ ನನ್ನ ಹೆಗಲು ಮುಟ್ಟಿದಳು. ಮೊದಲ ಸಲ ಮುಟ್ಟಿದ್ದು.

"ಹುಲಿಗಿ, ಖರೇ ಹೇಳ್ತೇನಿ, ನನಗ ಈ ನೌಕರಿ ಬೇಕಾಗಿಲ್ಲ. ನಮ್ಮಪ್ಪ ಕಳಸಂಗೂ ಇಲ್ಲ. ನಂದು ನೀ ತಗೋ."

ಅವಳ ಮುಖದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ನನ್ನನ್ನು ಸುಟ್ಟಿತು. ಅವರವ್ವ ಗೇಟಿನ ಮೇಲೆ ಬಟ್ಟೆ ಹಾಕುವಾಗಲೂ ಮುಖ ಹೀಗೇ ಇರುತ್ತಿತ್ತು.

"ನೀ ಉಟ್ಟು ಬಿಟ್ಟಿದ್ದು ಸಾಕ ಶಾಂಭವಿ. ಹೊಸಾದು ಬೇಕು."

ಎದ್ದೆ. ಎಲ್ಲರಿಗೂ ಸಮಾಧಾನ ಆಯಿತು. ಬಾಗಿಲಿಗೆ ದಾರಿ ಬಿಟ್ಟರು. ನಾನು ಆ ಬಾಗಿಲಿಗೆ ಹೋಗಲಿಲ್ಲ. ಗಾಜಿನ ಬಾಗಿಲು ತಳ್ಳಿ ಕಾರ್ಖಾನೆಯ ಒಳಗೆ ಹೋದೆ. ಟೇಬಲ್ಲಿನ ಮುಂದೆ ಹುಲಗೇಶ ತನ್ನ ಹಲಗೆ ಬಿಚ್ಚುತ್ತಿದ್ದ. ಸರಿದು ನಿಂತ. ನಾನು ಸ್ಕ್ರೂಡ್ರೈವರ್ ತೆಗೆದುಕೊಂಡೆ. ವೈರು ಅಳೆದೆ. ಕತ್ತರಿಸಿದೆ. ಮೇಲಿನ ಸಿಪ್ಪೆ ಸುಲಿದೆ.

ರೋಹಿತ ಹಿಂದೆಯೇ ಬಂದ.

"ಕುಮಾರಸ್ವಾಮಿ, ಆ ಟೇಬಲ್ಲಿನ ಕರೆಂಟ್ ಬಂದ್ ಮಾಡ್ರಿ."

"ಬಂದ ಐತ್ರಿ ಸರ್. ವೈರಿಂಗ ಬಂದ್ ಮಾಡೇ ಮಾಡೂದ್ರಿ."

ರೋಹಿತ ಮೇನಿನ ಕಡೆ ಬೆರಳು ಮಾಡಿದ.

"ಹಂಗಾರ ಚಾಲೂ ಮಾಡಬ್ಯಾಡ್ರಿ."

ನಾನು ಕೆಲಸ ಬಿಡಲಿಲ್ಲ.  ಒಂದು ಸ್ಕ್ರೂ ಕೆಳಗೆ ಬಿತ್ತು. ಟೇಬಲ್ಲಿನ ಕೆಳಗೆ ಹೊಕ್ಕು ತಂದೆ. ಮೊಣಕಾಲಿಗೆ ಎಣ್ಣೆ ಹತ್ತಿತು. ಮೇಡಂ ಏನೋ ಅನ್ನುತ್ತಿದ್ದರು. ಎರಡನೇ ಬಲ್ಬಿನ ವೈರು ಗಟ್ಟಿ ಕೂತಿತೋ ಇಲ್ಲವೋ ತಿಳಿಯಲಿಲ್ಲ. ಬೆರಳಿಗೆ ಬೆವರಿತ್ತು. ಮತ್ತೊಮ್ಮೆ ಬಿಗಿದೆ. ಮುಚ್ಚಿದೆ. ಹಲಗೆ ನೆಟ್ಟಗೆ ನಿಲ್ಲಿಸಿದೆ.

"ಮುಗೀತ್ರಿ. ಮೇನ್ ಹಾಕ್ರಿ."

ಕುಮಾರಸ್ವಾಮಿ ಗೋಡೆಯ ಹತ್ತಿರ ನಿಂತಿದ್ದ. ರೋಹಿತನ ಮುಖ ನೋಡಿದ. ರೋಹಿತ ತಲೆ ಅಲ್ಲಾಡಿಸಿದ.

"ವಾಚ್‌ಮನ್‌ನ ಕರೀರಿ," ಅಂದ.

ಊಟದ ಗಂಟೆ ಹೊಡೆಯಿತು. ಮಷಿನ್ನುಗಳು ನಿಂತವು. ಡಬ್ಬಿ ಹಿಡಿದು ಹೊರಟವರು ಅಲ್ಲಲ್ಲೇ ನಿಂತರು. ವಾಚ್‌ಮನ್ ಬಂದ. ನನ್ನನ್ನು ಮುಟ್ಟಬೇಕೋ ಬೇಡವೋ ಅಂತ ಅನುಮಾನ ಮಾಡಿದ. ಶಮೀಮ ಬಂದು ಟೇಬಲ್ಲಿನ ಒಂದು ಮಗ್ಗುಲಿಗೆ ನಿಂತಳು.   ಹುಲಗೇಶನೂ ಅಲ್ಲಿಂದ ಕದಲಲಿಲ್ಲ.

"ಅಕಿದು ಸರಿ ಐತಿ ಅಂತ ಹೆಂಗ ಗೊತ್ತು?" ಅಂತ ಯಾರೋ ಕೆಲಸಗಾರರು ಕೇಳಿದರು.

"ಗೊತ್ತಿಲ್ರಿ," ಅಂದೆ. "ನನಗೂ ಗೊತ್ತಿಲ್ಲ. ತಪ್ಪಿದ್ರ ಬೀಳ್ತೈತಿ. ಬೀಳ್ಲಿ. ಶಾಂಭವಿದೂ ಬಿದ್ದಿತ್ತು. ಸೂಪರ್‌ವೈಸರ್ ಸರ್ ನಕ್ಕಿದ್ರು. ಬಿಚ್ಚಿ ಮತ್ತೊಮ್ಮಿ ಮಾಡು ಅಂದಿದ್ರು."

 ಕುಮಾರಸ್ವಾಮಿಯ ಕೈ ಮೇಲಕ್ಕೆ ಹೋಗಿ ಮೇನಿನ ಹತ್ತಿರ ನಿಂತಿತ್ತು. ಹಾಕಲೂ ಇಲ್ಲ, ಇಳಿಸಲೂ ಇಲ್ಲ. ನಾನು ಆ ಕೈಯನ್ನೇ ನೋಡಿದೆ.

"ನಾ ನಪಾಸಾದ್ರೂ ಆಗಾಕ ಬಂದೇನ್ರಿ. ಅದಕ್ಕರ ಚಾಲೂ ಮಾಡ್ರಿ."